ಅವ್ವನ ಅಳತೆ ಪುಸ್ತಕದಲ್ಲಿ ನನ್ನ ಬೆನ್ನು

ನೆಟ್ಟಗೆ ಕೂತುಕೋ ಎಂದು ನನಗೆ ಇನ್ನೂ ಹೇಳದವರು ರಾಣೆಬೆನ್ನೂರಿನಲ್ಲಿ ಯಾರಾದರೂ ಉಳಿದಿದ್ದರೆ ಅವರು ದಯವಿಟ್ಟು ಸುಮ್ಮನೇ ಇರಲಿ. ಹೇಳುವವರ ಪಾಳಿ ತುಂಬಿ ಹೋಗಿದೆ. ಶಾಲೆಯಲ್ಲಿ ಅಕ್ಕೋರು ಹೇಳಿದರು, ಕಾಲೇಜಿನಲ್ಲಿ ಗೆಳತಿಯರು ಹೇಳಿದರು, ಮದುವೆಯ ಮಂಟಪದಲ್ಲಿ ಫೋಟೋದವನು ಮೂರು ಸಲ ಹೇಳಿದ. "ಬಲಗಡೆ ಭುಜ ಸ್ವಲ್ಪ ಕೆಳಗ ಬಿಡ್ರಿ ಅಕ್ಕಾರ." ಬಿಟ್ಟೆ. ಅವನು ಕ್ಯಾಮೆರಾ ಕಣ್ಣಿಗೆ ಹಿಡಿಯುವಷ್ಟರಲ್ಲಿ ಅದು ತಾನಾಗಿಯೇ ಮೇಲೆ ಹೋಯಿತು. ಅದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ, ಬೆನ್ನುಮೂಳೆಯೇ ಸೊಟ್ಟ ಎಂದು ತಿಳಿಯುವಾಗ ನನಗೆ ಮೂವತ್ತಾರು ವರ್ಷ.

ನನ್ನ ಕೆಲಸ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ. ಒದ್ದೆ ಕಾಗದದ ಸುರುಳಿಯಲ್ಲಿ ಬೀಜಗಳನ್ನು ಮೊಳಕೆಗೆ ಇಟ್ಟು, ದಿನ ತುಂಬಿದ ಮೇಲೆ ಬಿಚ್ಚಿ, ಚಿಮಟದಿಂದ ಒಂದೊಂದೇ ಎತ್ತಿ ಎಣಿಸಬೇಕು. ನೆಟ್ಟಗೆ ಬಂದದ್ದು ಸಹಜ, ಸೊಟ್ಟ ಬಂದದ್ದು ಅಸಹಜ, ಬಾರದೇ ಉಳಿದದ್ದು ಸತ್ತದ್ದು. ಹನ್ನೊಂದು ವರ್ಷದಿಂದ ಸೊಟ್ಟ ಮೊಳಕೆಗಳನ್ನು ಆರಿಸಿ ಆಚೆ ಹಾಕುವುದಕ್ಕೇ ಸಂಬಳ ತೆಗೆದುಕೊಳ್ಳುವವಳಿಗೆ ತನ್ನ ಬೆನ್ನಿನ ಸುದ್ದಿ ಗೊತ್ತಿರಲಿಲ್ಲ. ನಗುವವರು ಈಗಲೇ ನಕ್ಕುಬಿಡಿ. ನನಗೂ ಒಮ್ಮೊಮ್ಮೆ ನಗು ಬರುತ್ತದೆ.

ನೋವು ಶುರುವಾದದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ಬಲಗಡೆ ರೆಕ್ಕೆಮೂಳೆಯ ಕೆಳಗೆ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಸಂಜೆ ಐದಕ್ಕೆ ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು, ಉಸಿರು ಹಿಡಿದು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಏಳಬೇಕಿತ್ತು. ಮುಲಾಮು ಹಚ್ಚಿದೆ, ಗುಳಿಗೆ ನುಂಗಿದೆ, ಬಿಸಿನೀರಿನ ಚೀಲ ಇಟ್ಟುಕೊಂಡೆ. ದೀಪಾವಳಿ ಮುಗಿದ ಮೇಲೆ ಇನ್ನು ಆಗುವುದಿಲ್ಲ ಎಂದು ಹಾವೇರಿಯ ಎಲುಬಿನ ಡಾಕ್ಟರ ಹತ್ತಿರ ಹೋದೆ. ಜೊತೆಗೆ ಅವ್ವ ಬಂದಳು.

ಅವ್ವ ಹೊಲಿಗೆಯವಳು. ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ, ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತು ವರ್ಷದಿಂದ ಅಲ್ಲೇ ಕೂತಿದ್ದಾಳೆ. ರಾಣೆಬೆನ್ನೂರಿನ ಅರ್ಧ ಹೆಂಗಸರ ಮೈ ಅಳತೆ ಅವಳ ಉದ್ದನೆಯ ಪುಸ್ತಕಗಳಲ್ಲಿದೆ. ಎಲ್ಲಿಗೆ ಹೋದರೂ ಜನರ ಮುಖ ನೋಡುವ ಮೊದಲು ಬ್ಲೌಸ್ ನೋಡುತ್ತಾಳೆ. ಅವತ್ತು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿಯನ್ನು ನೋಡಿ, "ತೋಳು ಕೂಡಿಸಿದ್ದು ತಪ್ಪೇತಿ, ಪಾಪ, ಕೈ ಎತ್ತಾಕ ಬರವಲ್ದು ಆಕಿಗೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದಾರೆ, ಈಗ ಬರುತ್ತಾರೆ ಎಂದು ಮೂರು ತಾಸು ಕೂರಿಸಿದರು. ಬೆನ್ನು ನೋಯುವವರಿಗೆಂದೇ ಮಾಡಿಸಿದ ಹಾಗೆ ಒರಗಲು ಹಿಂಬದಿಯೇ ಇಲ್ಲದ ಬೆಂಚುಗಳು. ಎಲುಬಿನ ಆಸ್ಪತ್ರೆಗೆ ಆ ಬೆಂಚು ಕೊಂಡವರು ಯಾರು ಎಂದು ನನಗೆ ಇವತ್ತಿಗೂ ತಿಳಿಯಬೇಕಾಗಿದೆ.

ಎಕ್ಸ್‌ರೇಯಲ್ಲಿ ನನ್ನ ಬೆನ್ನುಮೂಳೆ ಬಳ್ಳಿಯಲ್ಲೇ ಬಗ್ಗಿದ ಹೀರೇಕಾಯಿಯ ಹಾಗೆ ಇತ್ತು. ಡಾಕ್ಟರು ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷ ಆತ್ರಿ ಹಿಂಗಾಗಿ?"

"ನಾಲ್ಕು ತಿಂಗಳಿಂದ ನೋಯಾಕತ್ತೇತ್ರಿ."

"ನೋವು ಅಲ್ಲ, ಈ ಸೊಟ್ಟ. ಇದಕ್ಕ ಸ್ಕೋಲಿಯೋಸಿಸ್ ಅಂತಾರ. ಇದು ಹನ್ನೊಂದು ಹನ್ನೆರಡು ವಯಸ್ಸಿನಾಗ ಶುರು ಆಗಿದ್ದು. ಆವಾಗ ಹಿಡಿದಿದ್ರ ಪಟ್ಟಾ ಹಾಕಿ ತಡೀಬಹುದಿತ್ತು. ಮನ್ಯಾಗ ಯಾರೂ ನೋಡಲಿಲ್ಲೇನು?"

ನಾನು ಅವ್ವನ ಕಡೆ ತಿರುಗಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಡಾಕ್ಟರು ಮುಂದುವರಿಸಿದರು. "ಮಕ್ಕಳದಾರೇನು?"

"ಒಬ್ಬಾಕಿ ಮಗಳದಾಳ್ರಿ. ಪೂರ್ವಿ. ಈಗ ಹನ್ನೊಂದು."

"ಆಕೀನ್ನ ಒಮ್ಮೆ ಕರಕೊಂಡು ಬರ್ರಿ. ತಾಯಿಗೆ ಇದ್ರ ಮಗಳದು ನೋಡಬೇಕಾಗತೈತಿ."

"ಆಕಿ ನೆಟ್ಟಗದಾಳ್ರಿ!" ಎಂದಳು ಅವ್ವ. ಆ ಕೋಣೆಗೆ ಬೇಕಾಗಿದ್ದಕ್ಕಿಂತ ದೊಡ್ಡ ದನಿಯಲ್ಲಿ.

ಡಾಕ್ಟರು ಚೀಟಿಯಲ್ಲಿ ವ್ಯಾಯಾಮ ಬರೆದು ಗಂಟೆ ಒತ್ತಿದರು. ಸಂಜೆ ಮನೆಗೆ ಬಂದವಳೇ ಪೂರ್ವಿಯನ್ನು ಯೂನಿಫಾರ್ಮಿನಲ್ಲೇ ಬಾಗಿಲ ಹತ್ತಿರ ನಿಲ್ಲಿಸಿ ನೋಡಿದೆ. ಎರಡೂ ಭುಜ ಒಂದೇ ಸಮ. ಬೆನ್ನ ಮೇಲಿನ ಹೊಲಿಗೆ ಗೆರೆ ಹೊಡೆದ ಹಾಗೆ ನೆಟ್ಟಗಿತ್ತು. ಸದ್ಯ, ನನ್ನದು ನನಗೇ ಮುಗಿಯಿತು ಎಂದು ಸಮಾಧಾನವಾಯಿತು. ಆ ಯೂನಿಫಾರ್ಮ್ ಹೊಲಿದವಳು ಯಾರು ಎಂಬ ಯೋಚನೆ ನನಗೆ ಬರಲಿಲ್ಲ. ಆ ಮೂರ್ಖತನಕ್ಕೆ ನನ್ನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನನ್ನ ಗಂಡ ಮಂಜುನಾಥ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ದಿನಾ ಬೆಳಗ್ಗೆ ನಾನೂರು ಮಕ್ಕಳಿಗೆ ಸಾವಧಾನ್ ಹೇಳಿ ನೆಟ್ಟಗೆ ನಿಲ್ಲಿಸುವ ಮನುಷ್ಯ, ಹದಿಮೂರು ವರ್ಷ ಮನೆಯಲ್ಲಿದ್ದ ಹೆಂಡತಿಯ ಸೊಟ್ಟು ನೋಡಿರಲಿಲ್ಲ. ಎಕ್ಸ್‌ರೇ ನೋಡಿ ಮೊದಲು ಗಾಬರಿಯಾದ, ಆಮೇಲೆ ಉತ್ಸಾಹಕ್ಕೆ ಬಂದ. ಅವನ ಉತ್ಸಾಹವೇ ನನಗೆ ಹೆಚ್ಚು ತ್ರಾಸು ಕೊಟ್ಟದ್ದು. ಬಾಗಿಲಿಗೆ ಕಬ್ಬಿಣದ ಸಲಾಕೆ ಹೊಡೆಸಿ ಜೋತು ಬೀಳು ಎಂದ. ಹಲಗೇರಿಯಿಂದ ಅತ್ತೆ ಎಣ್ಣೆ ಕಳಿಸಿದರು, ಅದು ಎಷ್ಟು ನಾತ ಬರುತ್ತಿತ್ತೆಂದರೆ ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು. ನೆಲದ ಮೇಲೆ ಮಲಗು, ಹಲಗೆ ಮೇಲೆ ಮಲಗು, ಬಲ ಮಗ್ಗುಲಿಗೆ ಮಲಗಬೇಡ. ಇದನ್ನೆಲ್ಲ ಹೇಳಿದವರು ರಾತ್ರಿ ಬೋರಲು ಬಿದ್ದು ಗೊರಕೆ ಹೊಡೆಯುವವರು.

ಕೊನೆಗೆ ಮಂಜುನಾಥನ ಮೊಬೈಲಿಗೆ ಆ ವಿಡಿಯೋ ಬಂತು. ಮಂಚದ ಮೇಲೆ ಬೋರಲು ಮಲಗಿದ ಮನುಷ್ಯ, ಅವನ ಬೆನ್ನ ಮೇಲೆ ಅಂಗೈ ಇಟ್ಟ ಇನ್ನೊಬ್ಬ ಮನುಷ್ಯ, ಒಂದು ಒತ್ತು, ಲಟಕ್ ಎಂಬ ಸದ್ದು. ಎದ್ದವನು ಕಣ್ಣೀರು ಹಾಕಿ ಕೈ ಮುಗಿಯುತ್ತಾನೆ. ಇದಕ್ಕೆ ಕೈರೋಪ್ರಾಕ್ಟಿಕ್ ಎನ್ನುತ್ತಾರಂತೆ. ಅಂಥವರೊಬ್ಬರು ಪ್ರತಿ ಗುರುವಾರ ಹುಬ್ಬಳ್ಳಿಯಿಂದ ಹಾವೇರಿಗೆ ಬರುತ್ತಾರೆ ಎಂದೂ ಅವನೇ ಪತ್ತೆ ಮಾಡಿದ. ಬೋರ್ಡಿನಲ್ಲಿ "ಸೊಟ್ಟ ಬೆನ್ನು ಶಸ್ತ್ರಚಿಕಿತ್ಸೆ ಇಲ್ಲದೆ ನೇರ" ಎಂದು ಬರೆದಿತ್ತು. ಅವ್ವ ಮಾತ್ರ ಹೆಸರು ಹಿಡಿಯಲಾರದೆ, "ಅಂವಾ, ಬೆನ್ನಿನ ಲಟಿಗಿ ಮುರಿಯಾಂವ" ಎನ್ನುತ್ತಿದ್ದಳು.

ಅಲ್ಲಿಯೂ ಕಾಯುವುದೇ. ಆದರೆ ಕುರ್ಚಿಗಳು ಚೆನ್ನಾಗಿದ್ದವು, ಒಪ್ಪಬೇಕು. ಮೊದಲ ಗುರುವಾರವೇ ನನ್ನ ಪಕ್ಕ ಬ್ಯಾಡಗಿಯ ಜೈಬುನ್ನಮ್ಮ ಕೂತಳು. ಐವತ್ತರ ಆಸುಪಾಸಿನ ಹೆಂಗಸು, ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ, ದಿನವಿಡೀ ರಾಶಿಯ ಮುಂದೆ ಬಗ್ಗಿ ಕೂರುವುದು. ಅವಳು ಒಳಗೆ ಬಂದರೆ ಅರ್ಧ ಕೋಣೆ ಸೀನುತ್ತಿತ್ತು. ಅವಳ ಸೀರೆಯಲ್ಲಿ ಖಾರ ಅಷ್ಟು ಹೊಕ್ಕಿತ್ತು. "ಏನ್ ಮಾಡೂದವ್ವಾ, ಎಷ್ಟು ತೊಳದ್ರೂ ಹೋಗಂಗಿಲ್ಲ. ನಾ ಬಂದೇನಿ ಅಂತ ಡಾಕ್ಟರಿಗೆ ಒಳಗಿಂದನ ಗೊತ್ತಾಗತೈತಿ" ಎಂದು ತಾನೇ ನಗುತ್ತಿದ್ದಳು. ನನ್ನ ಕೂರುವ ರೀತಿ ನೋಡಿ ಎರಡನೇ ವಾರ ತನ್ನ ಟವೆಲನ್ನು ಮಡಿಚಿ ನನ್ನ ಎಡ ಸೊಂಟದ ಕೆಳಗೆ ತುರುಕಿದಳು. "ಕುಂದ್ರ ಈಗ." ಅಷ್ಟರಿಂದಲೇ ಅರ್ಧ ನೋವು ಇಳಿಯಿತು. ಅಲ್ಲಿಯವರೆಗೆ ಯಾರೂ, ನೆಟ್ಟಗೆ ಕೂತುಕೋ ಎಂದ ಊರಿಗೆ ಊರೇ, ನನಗೆ ಒಂದು ಟವೆಲ್ ಕೊಟ್ಟಿರಲಿಲ್ಲ.

ಮೊದಲ ದಿನದ ಚಿಕಿತ್ಸೆಯ ಬಗ್ಗೆ ಸುಳ್ಳು ಹೇಳಲಾರೆ. ಮುಖ ಇಡಲು ತೂತಿದ್ದ ಮಂಚದ ಮೇಲೆ ಬೋರಲು ಮಲಗಿದ್ದೆ. ಆ ತೂತಿನಲ್ಲಿ ಅವರ ಬಿಳಿ ಶೂ ಬಿಟ್ಟರೆ ಏನೂ ಕಾಣದು. ಬೆನ್ನ ಮೇಲೆ ಅಂಗೈ ಬಂತು, ಉಸಿರು ಬಿಡ್ರಿ ಎಂದರು, ಲಟಕ್. ಹೆದರಿಕೆಯಿಂದ ಕಣ್ಣಲ್ಲಿ ನೀರು ಬಂತು. ಆಮೇಲೆ ಎದ್ದು ಕೂತಾಗ ತಿಂಗಳುಗಟ್ಟಲೆ ಅಲ್ಲೇ ಮನೆ ಮಾಡಿಕೊಂಡಿದ್ದ ನೋವು ಇರಲಿಲ್ಲ. ಖರೇನೇ ಇರಲಿಲ್ಲ. ಬಸ್ಸಿನಲ್ಲಿ ರಾಣೆಬೆನ್ನೂರಿನ ತನಕ ಒಂದೇ ಸಮ ನಗುತ್ತಾ ಬಂದೆ. ಆ ಮನುಷ್ಯ ಏನು ಹೇಳಿದರೂ ನಂಬುವ ಸ್ಥಿತಿಗೆ ಬಂದಿದ್ದೆ, ಅವರೂ ಹೇಳಿದರು. "ಇಪ್ಪತ್ನಾಲ್ಕು ಸಲ ಬರ್ರಿ ಮೇಡಂ. ಮೂಳೆನ ನೇರ ಆಗತೈತಿ."

ಶನಿವಾರ ಮಧ್ಯಾಹ್ನ ನೋವು ತಿರುಗಿ ಬಂತು. ಪ್ರತಿ ವಾರವೂ ಹಾಗೇ. ಗುರುವಾರ ಹೋಗುತ್ತಿತ್ತು, ಶುಕ್ರವಾರ ರಜೆ ತೆಗೆದುಕೊಳ್ಳುತ್ತಿತ್ತು, ಶನಿವಾರ ತಪ್ಪದೆ ಹಾಜರಿ ಹಾಕುತ್ತಿತ್ತು. ಕೇಳಿದರೆ, "ದೇಹ ಹಳೇ ಚಟ ಬಿಡಾಕ ಟೈಮ್ ತಗೋತೈತಿ" ಎನ್ನುತ್ತಿದ್ದರು. ಇದನ್ನು ಜೈಬುನ್ನಮ್ಮನ ಹತ್ತಿರ ತೋಡಿಕೊಂಡರೆ ಅವಳಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ನನಗೇನು ನೆಟ್ಟಗಾಗೂದು ಬ್ಯಾಡವ್ವಾ. ವಾರದಾಗ ಎರಡು ರಾತ್ರಿ ನಿದ್ದಿ ಬಂದ್ರ ಸಾಕು. ಅದಕ್ಕ ಬರ್ತೇನಿ. ನೀ ಏನ್ ಬೇಕಂತ ಬಂದೀದಿ?"

ನಾನು ನೆಟ್ಟಗಾಗಬೇಕೆಂದೇ ಬಂದಿದ್ದೆ. ಫೋಟೋದವನಿಗೆ, ಅಕ್ಕೋರಿಗೆ, ಎಲ್ಲರಿಗೂ ಒಮ್ಮೆ ಉತ್ತರ ಕೊಡಬೇಕಿತ್ತು.

ಹತ್ತನೇ ವಾರ ಆ ಉತ್ತರ ಸಿಕ್ಕ ಹಾಗಾಯಿತು. ಮೊದಲ ದಿನ ನನ್ನ ಬೆನ್ನಿನ ಫೋಟೋ ತೆಗೆದಿದ್ದರು. ಈಗ ಇನ್ನೊಂದು ತೆಗೆದು ಎರಡನ್ನೂ ಪಕ್ಕಪಕ್ಕ ಕೂಡಿಸಿ ತೋರಿಸಿದರು. ಮೊದಲನೆಯದರಲ್ಲಿ ಸೊಟ್ಟ ಹೆಂಗಸು, ಎರಡನೆಯದರಲ್ಲಿ ಹೆಚ್ಚೂ ಕಡಿಮೆ ನೆಟ್ಟಗಿನ ಹೆಂಗಸು. ಅವತ್ತು ನನ್ನ ಜೊತೆ ಬಂದಿದ್ದ ಮಂಜುನಾಥ ಅದನ್ನು ಮನೆಮಂದಿಯ ಮೊಬೈಲ್ ಗುಂಪಿಗೆ ಹಾಕಿದ. ಇಪ್ಪತ್ತು ಜನ ಹೂವು ಕಳಿಸಿದರು. ಆ ಹೊತ್ತಿನಲ್ಲೇ ಕೈರೋಪ್ರಾಕ್ಟರು ಅವನಿಗೆ ಹೇಳಿದರು, "ಇದು ವಂಶದಾಗ ಬರತೈತಿ ಸರ್. ಮಗಳನ್ನೂ ಕರಕೊಂಡು ಬರ್ರಿ. ಸಣ್ಣ ಮಕ್ಕಳದು ಮೆತ್ತಗಿರತೈತಿ, ಲಗೂನ ಸರಿ ಮಾಡಿಬಿಡೋಣ. ಕುತ್ತಿಗಿಯಿಂದನ ಶುರು ಮಾಡೋಣ."

ನನ್ನ ಕುತ್ತಿಗೆಯನ್ನು ಅವರು ಒಮ್ಮೆ ಹಿಡಿದು ತಿರುವಿದ್ದರು, ಎರಡು ದಿನ ತಲೆ ಸುತ್ತಿತ್ತು. "ಆಕಿ ನೆಟ್ಟಗ ಅದಾಳಲ್ರಿ, ಯಾಕ ಬೇಕು?" ಎಂದೆ. ಮಂಜುನಾಥ ಬಿಡಲಿಲ್ಲ. "ನೀ ನೆಟ್ಟಗಾಗಿಲ್ಲೇನು? ಫೋಟೋನ ಐತಲ್ಲ ಮುಂದ. ಏನೂ ಇಲ್ಲದಿದ್ರ ಒಳ್ಳೇದ ಆತು, ಇದ್ರ ಈಗ ಸರಿ ಆಗತೈತಿ." ನಾನೇ ಅವನ ಸಾಕ್ಷಿಯಾಗಿದ್ದೆ. ಶಾಲೆಗೆ ರಜೆ ಸಿಗುವ ಒಂದು ಗುರುವಾರ ನೋಡಿ ಪೂರ್ವಿಯ ಹೆಸರು ಬರೆಸಿ ಬಂದ. ಅದಕ್ಕೆ ಇನ್ನೂ ನಾಲ್ಕು ವಾರವಿತ್ತು.

ಆ ಹತ್ತನೇ ವಾರದಲ್ಲೇ ನಾದಿನಿಯ ಕುಬಸವೂ ಬಂತು. ಏಳು ತಿಂಗಳ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಮನೆಯ ಹೆಂಗಸರೆಲ್ಲರಿಗೂ ಹೊಸ ಬ್ಲೌಸು. ನಾನು ಬಟ್ಟೆ ಹಿಡಿದು ಅವ್ವನ ಮುಂದೆ ನಿಂತೆ. "ಹೊಸಾ ಅಳತಿ ತಗೋ. ಈಗ ನಾ ನೆಟ್ಟಗಾಗೇನಿ. ಎರಡೂ ಕಡೆ ಒಂದ ಸಮ ಹೊಲಿ." ಅವ್ವ ಟೇಪು ಹಿಡಿದು ಅಳೆದಳು, ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಬರೆದುಕೊಂಡಳು.

ಬ್ಲೌಸು ಸರಿಯಾಗಿ ಕೂತಿತು. ಕನ್ನಡಿಯಲ್ಲಿ ಭುಜಗಳು ಸಮ. ಹಿಗ್ಗಿನಿಂದ ಬಿಚ್ಚಿ ಮಡಿಸುವಾಗ ಎಡ ಭುಜದ ಒಳಗೆ ಏನೋ ದಪ್ಪ ಕೈಗೆ ಹತ್ತಿತು. ಹೊಲಿಗೆ ಬಿಚ್ಚಿದೆ. ಒಳಗೆ ಗಟ್ಟಿ ಬಟ್ಟೆಯ ಮೂರು ಪದರ. ಬ್ಲೌಸನ್ನು ನಡು ಮಡಿಸಿ ಹಿಡಿದರೆ ಬಲಗಡೆ ಎಡಕ್ಕಿಂತ ಒಂದು ಇಂಚು ಉದ್ದ. ಕಪಾಟಿನಿಂದ ಹಳೆಯ ಬ್ಲೌಸುಗಳನ್ನು ಎಳೆದು ಹಾಕಿದೆ. ಮದುವೆಯದು, ಪೂರ್ವಿಯ ನಾಮಕರಣದ್ದು, ದೀಪಾವಳಿಯದು. ಎಲ್ಲದರಲ್ಲೂ ಎಡ ಭುಜಕ್ಕೆ ಪದರ, ಬಲಗಡೆ ಉದ್ದ.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಅವ್ವನ ಅಂಗಡಿಗೆ ಹೋಗಿ ಅಳತೆ ಪುಸ್ತಕಗಳ ಗಂಟು ಇಳಿಸಿದೆ. ನನಗೇ ಬೇರೆ ಪುಟಗಳಿದ್ದವು. ಬೇರೆಯವರಿಗೆಲ್ಲ ಭುಜದಿಂದ ಸೊಂಟಕ್ಕೆ ಒಂದೇ ಅಂಕಿ. ನನ್ನ ಹೆಸರಿನ ಕೆಳಗೆ ಎರಡು, ಎಡಕ್ಕೆ ಎ, ಬಲಕ್ಕೆ ಬ. ಆರನೇ ಇಯತ್ತೆಯಲ್ಲಿ ಕಾಲು ಇಂಚಿನ ಅಂತರ. ಎಂಟನೇ ಇಯತ್ತೆಗೆ ಅರ್ಧ. ಕಾಲೇಜಿಗೆ ಮುಕ್ಕಾಲು. ಮದುವೆಗೆ ಒಂದು ಇಂಚು. ಮೊನ್ನೆಯ ದೀಪಾವಳಿಗೆ, ಅಂದರೆ ಲಟಿಗೆ ಮುರಿಸುವ ಮೊದಲು, ಒಂದು ಇಂಚು. ಈಗ, ಹತ್ತು ವಾರದ ನಂತರ, ಒಂದು ಇಂಚು. ಆಗ ನೆನಪಾಯಿತು, ಎರಡನೇ ಫೋಟೋ ತೆಗೆಯುವಾಗ ಆ ಮನುಷ್ಯ, "ಉಸಿರು ತುಂಬ್ಕೊಳ್ರಿ, ಬಲ ಭುಜ ಸ್ವಲ್ಪ ಕೆಳಗ ಬಿಡ್ರಿ" ಎಂದಿದ್ದರು. ಮದುವೆ ಫೋಟೋದವನ ಮಾತೇ.

"ನಿನಗ ಗೊತ್ತಿತ್ತು" ಎಂದೆ.

ಅವ್ವ ಮಶೀನಿನ ಗಾಲಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು. "ಹೂಂ."

"ಆರನೇತ್ತಾ ಇದ್ದಾಗಿಂದ."

"ಹೂಂ."

"ಒಂದು ಮಾತು ಹೇಳಾಕ ಆಗಲಿಲ್ಲ? ಡಾಕ್ಟರ ಮುಂದ ಕುಂತಾಗರ?"

"ಗಿರಾಕಿ ಮೈ ಬಗ್ಗೆ ನಾವು ಬಾಯಿ ಬಿಡಂಗಿಲ್ಲವಾ. ಒಬ್ಬಾಕಿಗೆ ಒಂದು ತೋಳು ಸಣ್ಣ ಇರತೈತಿ, ಒಬ್ಬಾಕಿಗೆ ಗೂನಿರತೈತಿ. ಅನ್ನಬಾರದು. ಬಟ್ಟಿಯೊಳಗ ಸರಿ ಮಾಡಿ ಕೊಡಬೇಕು. ನಮ್ಮತ್ತಿ ನನ್ನ ಕೈಯಾಗ ಕತ್ತರಿ ಕೊಟ್ಟಾಗ ಮೊದಲು ಕಲಿಸಿದ್ದ ಅದನ್ನ."

"ನಾ ನಿನ್ನ ಗಿರಾಕಿ ಏನಬೇ?"

ಅವ್ವ ಅತ್ತಳು. ಅವಳು ಅಳುವುದು ನನಗೆ ಸೇರುವುದಿಲ್ಲ, ಅವತ್ತು ಇನ್ನಷ್ಟು ಸಿಟ್ಟು ಬಂತು. "ಹೆದರಿಕ್ಯಾಗಿತ್ತು. ಬಾಯಿಲೆ ಅಂದ್ರ ಖರೇ ಆಗಿಬಿಡತೈತಿ ಅನಸ್ತಿತ್ತು. ಹೊಲದು ಹಾಕಿದ್ರ ಕಾಣ್ತಿರಲಿಲ್ಲ. ಕಾಣದಿದ್ರ ಇಲ್ಲ ಅನಕೊಂಡೆ" ಎಂದಳು. ಇಪ್ಪತ್ತೈದು ವರ್ಷ ನನ್ನ ಬೆನ್ನನ್ನು ಇಷ್ಟು ನಿಖರವಾಗಿ ಅಳೆದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ, ಆ ಒಬ್ಬಳೇ ಅದನ್ನು ನನ್ನಿಂದ ಬಚ್ಚಿಟ್ಟಳು. ಹೊಡೆಯಬೇಕೋ ತಬ್ಬಬೇಕೋ ತಿಳಿಯದೆ ಪುಟ ತಿರುವುತ್ತಾ ನಿಂತೆ.

ಹಾಗೆ ತಿರುವುವಾಗ ಪೂರ್ವಿಯ ಹೆಸರು ಬಂತು. ಅವ್ವ ಥಟ್ಟನೆ ಆ ಪುಟದ ಮೇಲೆ ಕೈ ಇಟ್ಟಳು.

"ಕೈ ತಗಿ."

ತೆಗೆಯಲಿಲ್ಲ. ನಾನೇ ಬೆರಳು ಬಿಡಿಸಿ ಸರಿಸಿದೆ. ಜೂನ್ ತಿಂಗಳ ಯೂನಿಫಾರ್ಮಿಗೆ ಒಂದೇ ಅಂಕಿ ಇತ್ತು. ದಸರಾ ರಜೆಯ ನಂತರ ಹೊಲಿದ ಎರಡನೇ ಜೊತೆಗೆ ಎರಡು ಅಂಕಿ, ಟೇಪಿನ ಒಂದು ಗೆರೆಯಷ್ಟು ಅಂತರ. ಈಗ ಕುಬಸಕ್ಕೆಂದು ಹೊಲಿದ ಲಂಗ ರವಿಕೆಗೆ ಎರಡು ಗೆರೆ. ಕಾಲು ಇಂಚು. ಆರನೇ ಇಯತ್ತೆಯ ನನ್ನ ಪುಟದಲ್ಲಿದ್ದದ್ದೇ.

ಪೂರ್ವಿಯನ್ನು ಅಂಗಡಿಗೇ ಕರೆಸಿ, ಬಾಗಿಲು ಹಾಕಿ, ಯೂನಿಫಾರ್ಮ್ ಬಿಚ್ಚಿಸಿ, ಬಗ್ಗಿ ಕಾಲ್ಬೆರಳು ಮುಟ್ಟು ಎಂದೆ. ಬಲಗಡೆಯ ಪಕ್ಕೆ ಎಡಕ್ಕಿಂತ ಚೂರು ಎತ್ತರ ಎದ್ದಿತು. ಬಟ್ಟೆ ಇಲ್ಲದಿದ್ದರೆ ಯಾರಿಗಾದರೂ ಕಾಣುವಂತಿತ್ತು. "ಯಾಕಮ್ಮಾ, ಏನಾಗೇತಿ?" ಎಂದು ಅವಳು ತಲೆಕೆಳಗಾಗಿಯೇ ಕೇಳಿದಳು. ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಂಜುನಾಥನಿಗೆ ಹೇಳಿದರೆ ಅವನು ಹೇಳಿದ್ದು, "ನಾ ಹೇಳಿದ್ದ ಖರೇ ಆತಲ್ಲ. ಹೆಂಗಿದ್ರೂ ಹೆಸರು ಬರಸೇನಿ, ಈ ಗುರುವಾರನ ಹೋಗೋಣು." ನಾನು ಪುಸ್ತಕ ತೆಗೆದು ಅವನ ಮುಂದೆ ಇಟ್ಟೆ. "ಇಲ್ಲಿ ನೋಡ್ರಿ. ಮೊದಲು ಒಂದಿಂಚು, ಹತ್ತು ವಾರ ಆದಮ್ಯಾಲೂ ಒಂದಿಂಚು. ಫೋಟೋಕ್ಕ ನಾ ಭುಜ ಇಳಿಸಿ ನಿಂತಿದ್ದೆ. ಈ ಹುಡುಗಿ ಬೆಳ್ಯಾಕತ್ತಾಳ. ಅಲ್ಲಿ ಲಟಿಗಿ ಮುರಿಸಿಕೋತ ಕುಂತ್ರ ವರ್ಷ ಹೋಗತೈತಿ. ನನಗ ಹೋದಂಗ." ಅವನು ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ. ಸಾವಧಾನ್ ಹೇಳುವ ಮನುಷ್ಯನ ಭುಜವೇ ಇಳಿದು ಹೋಯಿತು.

ಗುರುವಾರ ಎಲ್ಲರೂ ಹಾವೇರಿಗೆ ಹೋದೆವು. ಮೊದಲು ನಾನೊಬ್ಬಳೇ ಆ ಚಿಕಿತ್ಸಾಲಯದ ಒಳಗೆ ಹೋಗಿ ಮಗಳ ಹೆಸರು ತೆಗೆಸಿದೆ, ಅಳತೆಯನ್ನೂ ತೋರಿಸಿದೆ. ಆತ ಕೂಗಾಡಲಿಲ್ಲ. "ಟೇಲರ್ ಟೇಪಿನಾಗ ಬೆನ್ನು ಅಳೀತಾರೇನ್ರಿ ಮೇಡಂ? ನೋವು ಕಡಿಮಿ ಆಗಿಲ್ಲೇನು ನಿಮಗ, ಅದನ್ನ ಹೇಳ್ರಿ" ಎಂದರು. ಆಗಿತ್ತು. ಅದೇ ನನ್ನ ಸಂಕಟ. "ಆಗೇತ್ರಿ. ಎರಡು ದಿನ ಆಗತೈತಿ. ಅಷ್ಟನ್ನ ಬೋರ್ಡಿನ ಮ್ಯಾಲೆ ಬರೀರಿ, ನಾ ಖುಷಿಲೆ ಬರ್ತೇನಿ. ನೇರ ಮಾಡ್ತೇನಿ ಅಂತ ಬರೀಬ್ಯಾಡ್ರಿ" ಎಂದೆ. ಹೊರಗೆ ಕೂತಿದ್ದ ಜೈಬುನ್ನಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಹಿಂದೆಯೇ ಬಾಗಿಲಿಗೆ ಬಂದು ಪೂರ್ವಿಯನ್ನು ನೋಡಿ, ತಲೆ ಸವರಿ, ಆ ಟವೆಲನ್ನು ಅವಳ ಕೈಗೆ ಕೊಟ್ಟುಬಿಟ್ಟಳು. ಹುಡುಗಿ ಎರಡು ಸಲ ಸೀನಿದಳು.

ಎಲುಬಿನ ಡಾಕ್ಟರ ಹತ್ತಿರ ಮತ್ತೆ ಅದೇ ಬೆಂಚು, ಮತ್ತೆ ಮೂರು ತಾಸು. ಒಳಗೆ ಹೋದಾಗ ನಾನು ಮಾತು ಶುರು ಮಾಡುವ ಮೊದಲೇ ಅವ್ವ ಮುಂದೆ ಬಂದು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದಳು. "ಸಾಹೇಬ್ರ, ಆವತ್ತು ನಾ ನಿಮಗ ಸುಳ್ಳು ಹೇಳಿದೆ. ಈ ಹುಡುಗೀದು ಎಡಬಲ ಬ್ಯಾರೆ ಅದಾವ್ರಿ. ದಸರಾದಾಗ ಒಂದು ಗೆರಿ, ಈಗ ಎರಡು. ಇದು ನನ್ನ ಮಗಳದ್ದು, ಮೊದಲಿಂದ ಕಡೀತನಕ ಬರದೇನಿ. ಹಂಗ ಇದೂ ಆಗಬಾರದ್ರಿ."

ಡಾಕ್ಟರು ಎಕ್ಸ್‌ರೇ ನೋಡಿದಷ್ಟೇ ಹೊತ್ತು ಆ ಪುಟಗಳನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಇದು ನಿಲ್ಲಸೋ ಕಾಲಕ್ಕ ಬಂದೀರಿ" ಎಂದಷ್ಟೇ ಹೇಳಿ ಪೂರ್ವಿಯ ಎಕ್ಸ್‌ರೇಗೆ ಬರೆದರು. ಬಾಗು ಸಣ್ಣದು, ಆದರೆ ಬೆಳೆಯುವ ವಯಸ್ಸು. ನಾಲ್ಕು ತಿಂಗಳಿಗೊಮ್ಮೆ ನೋಡಿದರು. ಎರಡನೇ ಸಲಕ್ಕೆ ಹೆಚ್ಚಾಗಿತ್ತು, ಹುಬ್ಬಳ್ಳಿಯಲ್ಲಿ ಪಟ್ಟಾ ಮಾಡಿಸಿದೆವು. ಕಂಕುಳಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಅಂಗಿ, ಸ್ನಾನ ಮತ್ತು ಆಟ ಬಿಟ್ಟು ಉಳಿದ ಹೊತ್ತೆಲ್ಲ ಹಾಕಬೇಕು. ಬೇಸಿಗೆಯಲ್ಲಿ ಬೆವರುಸಾಲೆ ಏಳುತ್ತದೆ. ಶಾಲೆಯಲ್ಲಿ ಅವಳಿಗೆ ಡಬ್ಬಿ ಎಂದು ಹೆಸರಿಟ್ಟಿದ್ದಾರೆ. ಒಂದು ದಿನ ಅತ್ತು ಬಿಸಾಡುತ್ತಾಳೆ, ಇನ್ನೊಂದು ದಿನ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುತ್ತಾಳೆ. ಮೊನ್ನೆಯ ಎಕ್ಸ್‌ರೇಯಲ್ಲಿ ಬಾಗು ಹಿಂದಿನಷ್ಟೇ ಇತ್ತು. ಡಾಕ್ಟರು ಅದನ್ನೇ ಒಳ್ಳೆಯ ಸುದ್ದಿ ಎಂದರು, ನಾವೂ ಹಾಗೇ ಎಂದುಕೊಂಡು ಖಾನಾವಳಿಯಲ್ಲಿ ಊಟ ಮಾಡಿ ಬಂದೆವು.

ನನ್ನದು ಸೊಟ್ಟಗೇ ಇದೆ, ಸೊಟ್ಟಗೇ ಇರುತ್ತದೆ. ವ್ಯಾಯಾಮ ಮಾಡುತ್ತೇನೆ, ಬೇಸರದಿಂದಲೇ. ನೋವು ತೀರಾ ಹೆಚ್ಚಾದರೆ ವರ್ಷಕ್ಕೆ ನಾಲ್ಕೈದು ಗುರುವಾರ ಹಾವೇರಿಗೂ ಹೋಗುತ್ತೇನೆ. ಡಾಕ್ಟರನ್ನು ಕೇಳಿಯೇ ಹೋಗುತ್ತೇನೆ, ಕುತ್ತಿಗೆ ಮುಟ್ಟಿಸಿಕೊಳ್ಳುವುದಿಲ್ಲ. ಬೋರ್ಡು ಇನ್ನೂ ಹಾಗೇ ಇದೆ. ಒಳಗೆ ಹೋಗುವಾಗ ಪ್ರತಿ ಸಲ ಅದನ್ನು ಓದುತ್ತೇನೆ, ಪ್ರತಿ ಸಲ ಮೈ ಉರಿಯುತ್ತದೆ, ಆದರೂ ಒಳಗೆ ಹೋಗುತ್ತೇನೆ. ಎರಡು ದಿನದ ಸುಖಕ್ಕೆ ನನಗೂ ಜೈಬುನ್ನಮ್ಮನಿಗೂ ಬೇರೆ ದಾರಿ ಸಿಕ್ಕಿಲ್ಲ.

ಹೋದ ವಾರ ಅವ್ವನ ಅಂಗಡಿಯಲ್ಲಿ ಪೂರ್ವಿಯ ಹೊಸ ಯೂನಿಫಾರ್ಮ್ ಆಗುವುದನ್ನು ಕಾಯುತ್ತಾ ಕೂತಿದ್ದೆ. ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು, ಹನ್ನೆರಡು ವರ್ಷವಿರಬೇಕು. ಅವ್ವ ಎಡಗಡೆ ಅಳೆದಳು, ಬಲಗಡೆ ಅಳೆದಳು, ಮತ್ತೆ ಎಡಗಡೆ ಅಳೆದಳು. ಪೆನ್ಸಿಲ್ ಕಿವಿಯಿಂದ ತೆಗೆದವಳು ಬರೆಯದೆ ಕೆಳಗಿಟ್ಟಳು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದಳು. "ಈ ಹುಡುಗಿ ಎಡಬಲ ಒಂದ ಇಲ್ಲ. ಮನಿಗೆ ಹೋಗಿ ಅಂಗಿ ಬಿಚ್ಚಿಸಿ, ಬಗ್ಗಿಸಿ, ಬೆನ್ನು ನೋಡ್ರಿ. ಡಾಕ್ಟರಿಗೆ ತೋರಸ್ರಿ."

ಆ ಹೆಂಗಸಿನ ಮುಖ ಕೆಂಪಗಾಯಿತು. "ಅಂಗಿ ಹೊಲಿಯಾಕ ಬಂದೇವೋ, ನಮ್ಮ ಹುಡುಗಿಗೆ ಹೆಸರಿಡಸ್ಕೊಳ್ಳಾಕ ಬಂದೇವೋ?" ಎಂದು ಮೇಜಿನ ಮೇಲಿದ್ದ ಬಟ್ಟೆಯನ್ನು ಎಳೆದುಕೊಂಡು, ಮಗಳ ರಟ್ಟೆ ಹಿಡಿದು ಹೊರಟೇಬಿಟ್ಟಳು. ಹತ್ತು ವರ್ಷದ ಗಿರಾಕಿ ಎಂದು ಆಮೇಲೆ ತಿಳಿಯಿತು.

ಅವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮಶೀನಿಗೆ ದಾರ ಪೋಣಿಸಿದಳು.

"ಹೋಗಲಿ ಬಿಡು" ಎಂದಳು. "ಸಿಟ್ಟಿನಾಗರ ಮನಿಗೆ ಹೋಗಿ ಮಗಳ ಬೆನ್ನು ನೋಡ್ತಾಳ."